ಪಾರಿಸಣ್ಣನ ಹದಿಮೂರನೆಯ ಎಂಜಿನ್

ಮೂಡಲಗಿಗೆ ರೈಲು ಬಂದಿಲ್ಲ. ರೈಲು ಹತ್ತುವವರು ಘಟಪ್ರಭಾಕ್ಕೆ ಹೋಗಬೇಕು. ಆದರೆ ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರದಲ್ಲಿ ‘ಮೂಡಲಗಿ’ ಎಂದು ಬರೆದ ಸ್ಟೇಶನ್ ಒಂದು ನಮ್ಮೂರಲ್ಲಿ ಇತ್ತು. ಪೇಟೆಯ ತಾಮ್ರ-ಹಿತ್ತಾಳೆ ಭಾಂಡಿ ವ್ಯಾಪಾರಿ ಪಾರ್ಶ್ವನಾಥ ಚೌಗುಲೆ, ಅಂದರೆ ನಮ್ಮ ಪಾರಿಸಣ್ಣ, ಅದನ್ನು ತನ್ನ ಮನೆಯ ಮಹಡಿಯ ಮೇಲೆ ಕಟ್ಟಿಸಿದ್ದ. ಬೋರ್ಡು ಬೆಂಕಿಪೊಟ್ಟಣದಷ್ಟು ಅಗಲ. ಪ್ಲಾಟ್‌ಫಾರ್ಮಿನಲ್ಲಿ ನಿಂತ ಪ್ರಯಾಣಿಕರು ಗೋಕಾಕದ ಆಟಿಗೆ ಮಾಡುವವರ ಕೈಯಲ್ಲಿ ಹುಟ್ಟಿದ ಕಟ್ಟಿಗೆಯ ಮಂದಿ, ಒಬ್ಬೊಬ್ಬರೂ ಹೆಬ್ಬೆರಳಿನಷ್ಟು ಎತ್ತರ. ಹತ್ತು ವರ್ಷ ನಿಂತೇ ಇದ್ದರೂ ಅವರಲ್ಲಿ ಯಾರೂ ರೈಲು ಲೇಟಾಯಿತೆಂದು ಗೊಣಗಲಿಲ್ಲ.

ನಾನು ಮಾಲಿಂಗಪ್ಪ, ಹೈಸ್ಕೂಲಿನ ಗಣಿತದ ಮಾಸ್ತರ. ಪಾರಿಸಣ್ಣನ ಬಾಜೂ ಮನೆಯವ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅತ್ತ ಎಂಜಿನ್ ಸೀಟಿ ಹೊಡೆದರೆ ಇತ್ತ ನನ್ನ ಉತ್ತರಪತ್ರಿಕೆಗಳ ಮೊತ್ತ ತಪ್ಪುತ್ತಿತ್ತು. ಅದಕ್ಕೆ ಎಷ್ಟು ಹುಡುಗರು ಪಾಸಾದರು, ಎಷ್ಟು ಹುಡುಗರು ಕುಂತರು, ದೇವರೇ ಬಲ್ಲ. ಪಾರಿಸಣ್ಣನ ಬಗ್ಗೆ ಬರೆಯುವಾಗ ಅವನನ್ನು ನಗೆಪಾಟಲು ಮಾಡಬೇಕೆಂದೇ ಪೆನ್ನು ಹಿಡಿದೆ. ಎಲ್ಲಿಯವರೆಗೆ ಆಗುತ್ತದೋ ನೋಡೋಣ.

ಹುಚ್ಚು ಹತ್ತಿದ್ದು ಹೀಗೆ. ಅವನ ಅಪ್ಪನ ಕಾಲದಲ್ಲಿ ಕೊಡ, ಹಂಡೆ, ಚರಗಿಗಳು ಮಿರಜದಿಂದ ಗೂಡ್ಸ್ ಗಾಡಿಯಲ್ಲಿ ಬರುತ್ತಿದ್ದವು. ಮಾಲು ಬಿಡಿಸಿಕೊಂಡು ಬರಲು ಮಗನನ್ನು ಘಟಪ್ರಭಾ ಸ್ಟೇಶನ್ನಿಗೆ ಕಳಿಸುತ್ತಿದ್ದರು. ಗೂಡ್ಸ್ ಗಾಡಿ ಬೆಳಿಗ್ಗೆ ಎಂದರೆ ಮಧ್ಯಾಹ್ನ. ಅಲ್ಲಿಯವರೆಗೆ ಕಲ್ಲುಬೆಂಚಿನ ಮೇಲೆ ಕೂತು, ಬಂದು ಹೋಗುವ ಕರಿ ಎಂಜಿನ್ನುಗಳು ನೀರು ಕುಡಿಯುವುದನ್ನು ನೋಡುವುದೇ ಕೆಲಸ. ಅವನ ವಾರಿಗೆಯವರು ಏನೇನೋ ನೋಡಿ ಕೆಟ್ಟರು, ಇವನು ಎಂಜಿನ್ ನೋಡಿ ಕೆಟ್ಟ. ಮುಂದೆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು, ಉಗಿ ಎಂಜಿನ್ ಹೋಗಿ ಡೀಸೆಲ್ ಬಂತು. ಊರೆಲ್ಲ ಖುಷಿಪಟ್ಟಿತು. ಪಾರಿಸಣ್ಣನಿಗೆ ಮಾತ್ರ ಸೇರಲಿಲ್ಲ. "ಡೀಸೆಲ್ ಅಂದ್ರ ಬರೇ ಡಬ್ಬಿ ಐತ್ರಿ ಮಾಸ್ತರ್ರ. ಅದಕ್ಕ ಉಸಿರಿಲ್ಲ," ಅಂದ.

ಮರುವರ್ಷ ಭಾಂಡಿ ಖರೀದಿಗೆಂದು ಮುಂಬೈಗೆ ಹೋದವನು ಹಳೆ ಸಾಮಾನಿನ ಬಜಾರದಲ್ಲಿ ಒಂದು ಮೊಳದುದ್ದದ ಉಗಿ ಎಂಜಿನ್ ಕಂಡ. ಯಾವುದೋ ಸಾಹೇಬರ ಮನೆಯದಂತೆ. ತುಕ್ಕು ಹಿಡಿದು ಒಂದು ಗಾಲಿ ಇರಲಿಲ್ಲ. ಅದನ್ನು ಹೊಸ ಸೊಸೆಯನ್ನು ತಂದಂತೆ ಮಡಿಲಲ್ಲಿ ಇಟ್ಟುಕೊಂಡು ಬಂದ. ಘಟಪ್ರಭಾದಲ್ಲಿ ಲೇಥ್ ಮಶೀನ್ ಇಟ್ಟುಕೊಂಡು ಕಬ್ಬಿನ ಗಾಣ, ಪಂಪುಸೆಟ್ಟು ದುರಸ್ತಿ ಮಾಡುತ್ತಿದ್ದ ಮಾಯಪ್ಪ ಮಿಸ್ತ್ರಿ ಗಾಲಿ ಕಡೆದು ಕೊಟ್ಟ. ಅಲ್ಲಿಂದ ಶುರು. ಕೆಲವು ಎಂಜಿನ್ನುಗಳು ಪುಣೆ, ಮುಂಬೈಯಿಂದ ಬಂದವು. ಉಳಿದವನ್ನು ಮಾಯಪ್ಪನೇ ಮಾಡಿದ. ತಾಮ್ರ ಬಡಿಯುವುದು ಪಾರಿಸಣ್ಣನಿಗೆ ಗೊತ್ತು, ಲೇಥ್ ಹಿಡಿಯುವುದು ಮಾಯಪ್ಪನಿಗೆ ಗೊತ್ತು. ಮಹಡಿಯ ಕೋಣೆಯ ನಾಲ್ಕೂ ಗೋಡೆಗುಂಟ ಸಾಗವಾನಿ ಹಲಗೆ, ಅದರ ಮೇಲೆ ಹಿತ್ತಾಳೆ ಪಟ್ಟಿಯ ಹಳಿ.

ಪಾರಿಸಣ್ಣ ಜೈನ. ಅವನ ರೈಲ್ವೆಯೂ ಜೈನ. ಬಾಯ್ಲರಿಗೆ ಹಾಕುವ ನೀರನ್ನು ಎರಡು ಮಡಿಕೆಯ ಬಿಳಿ ಅರಿವೆಯಲ್ಲಿ ಸೋಸುತ್ತಿದ್ದ. ಸೋಸಿದ ಅರಿವೆಯನ್ನು ಹಿತ್ತಲ ಬಾವಿಯ ನೀರಿನಲ್ಲೇ ತೊಳೆದು, ಅದರಲ್ಲಿ ಸಿಕ್ಕ ಕಾಣದ ಜೀವಗಳನ್ನು ತಿರುಗಿ ಬಾವಿಗೆ ಬಿಡುತ್ತಿದ್ದ. ಬಾಯ್ಲರ್ ಕಾಯಿಸುವ ದೀಪಕ್ಕೆ ಹುಳ ಬೀಳುತ್ತವೆಂದು ಹೊತ್ತು ಮುಳುಗುವುದಕ್ಕೆ ಮೊದಲೇ ಗಾಡಿ ಬಂದ್. ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸ ಮುಗಿಯುವವರೆಗೆ, ಪೂರಾ ರಜೆ. ನಾನು ನಕ್ಕರೆ ಅವನ ಉತ್ತರ ತಯಾರಿತ್ತು. "ಬರೇ ಬಿಸಿನೀರು ಕುಡದು ದುಡಿತೈತಿ. ಇದಕ್ಕಿಂತ ದೊಡ್ಡ ಉಪವಾಸಿ ನಮ್ಮ ಬಸ್ತ್ಯಾಗ ಸೈತ ಇಲ್ಲ ತಗೋರಿ."

ತೊಂಬತ್ತೈದನೆಯ ಇಸವಿಯ ಮಳೆಗಾಲದಲ್ಲಿ ಮುನಿಗಳೊಬ್ಬರು ಊರ ಜೈನ ಬಸ್ತಿಯಲ್ಲಿ ಚಾತುರ್ಮಾಸಕ್ಕೆ ನಿಂತರು. ಒಂದು ದಿನ ಅವರ ಆಹಾರ ಪಾರಿಸಣ್ಣನ ಮನೆಯಲ್ಲಾಯಿತು. ಆಹಾರವಾದ ಮೇಲೆ ಮನೆಯವರು, ನೆರೆದವರು ಏನಾದರೊಂದನ್ನು ಬಿಡುವ ನಿಯಮ ಮಾಡುವುದು ಅವರಲ್ಲಿಯ ರಿವಾಜು. ಬಾಜೂಮನೆಯವನಾಗಿ ನಾನೂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಇಂಥ ವೇಳೆ ಜನ ಎಷ್ಟು ಶಾಣ್ಯಾರಿರುತ್ತಾರೆಂಬುದನ್ನು ಆವತ್ತು ನೋಡಿದೆ. ಹಾಗಲಕಾಯಿ ಕಂಡರಾಗದವನು ಜನ್ಮಪೂರ್ತಿ ಹಾಗಲಕಾಯಿ ಬಿಟ್ಟ. ಬಾವಿಯ ಮೆಟ್ಟಿಲಿಳಿಯಲೂ ಹೆದರುವವನು ಈಸು ಬಿಟ್ಟ. ಪಾರಿಸಣ್ಣ ವಿಮಾನ ಹತ್ತುವುದನ್ನು ಬಿಡಲು ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ತಾರಾಬಾಯಿ ನಡುವೆ ಬಾಯಿ ಹಾಕಿದಳು. "ಮಹಾರಾಜ, ಇವ್ರು ಮ್ಯಾಲೆ ರೈಲ್ವೆ ಇಟ್ಟಾರ್ರಿ. ಒಂದು ಹೊಂಟರ ಇನ್ನೊಂದು ಬರತೈತಿ."

ಮುನಿಗಳು ನಕ್ಕರು. "ಎಷ್ಟು ಅದಾವಪಾ?"

"ಐದು ಅದಾವ್ರಿ ಮಹಾರಾಜ."

"ಎಲ್ಲಾ ಬಿಡು ಅನ್ನಂಗಿಲ್ಲ. ಪರಿಮಾಣ ಮಾಡು. ಎಷ್ಟಾದರ ಸಾಕು?"

ಪರಿಮಾಣವೆಂದರೆ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲವೆಂದು ಗೃಹಸ್ಥ ತನಗೆ ತಾನೇ ಹಾಕಿಕೊಳ್ಳುವ ಮಿತಿ. ಅದರಲ್ಲಿಯೂ ಒಂದು ಯುಕ್ತಿ ಎಲ್ಲರಿಗೂ ಗೊತ್ತು. ನಾಲ್ಕು ಎಕರೆಯವನು ನಲವತ್ತು ಎಕರೆಗೆ ಮಿತಿ ಹಾಕಿಕೊಂಡು, ಮುಟ್ಟಲಾರದ ಬೇಲಿಯೊಳಗೆ ಹಾಯಾಗಿ ಇರುತ್ತಾನೆ. ಪಾರಿಸಣ್ಣ ಹುಟ್ಟಾ ಭಾಂಡಿ ವ್ಯಾಪಾರಿ. ಚರಗಿ, ತಾಟು, ಚಮಚ ಎಲ್ಲವನ್ನೂ ಡಜನ್ನಿನಲ್ಲಿ ಎಣಿಸಿದ ಬಾಯಿ. "ಹನ್ನೆರಡು, ಮಹಾರಾಜ," ಅಂದುಬಿಟ್ಟ. ಮುನಿಗಳು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಆಮೇಲೆ ತಾರಾಬಾಯಿಯತ್ತ ನೋಡಿದರು. ಆಕೆ ತಡಮಾಡಲಿಲ್ಲ. "ನಾ ಜೀವ ಇರೋತನಕ ಇವರ ಎಂಜಿನ್ ಮುಟ್ಟಂಗಿಲ್ಲ, ನಂದು ಅಂತ ಇಟಗೊಳ್ಳಂಗೂ ಇಲ್ಲರಿ!" ಎಂಥ ತ್ಯಾಗ ಎಂದು ಹೆಂಗಸರೆಲ್ಲ ತಲೆದೂಗಿದರು. ಆವತ್ತಿನಿಂದ ಎಂಜಿನ್ನುಗಳ ಧೂಳು ಒರೆಸುವ ಕೆಲಸ ಪಾರಿಸಣ್ಣನ ಪಾಲಿಗೆ ಬಂತು.

ಹನ್ನೆರಡು ಎನ್ನುವುದು ಆಗ ಆಕಾಶದಷ್ಟು ದೂರ. ಮರುವರ್ಷ ಎಂಟಾದಾಗ ಪಾರಿಸಣ್ಣ ತನ್ನ ಜೀವದ ಆಸೆಯನ್ನು ಮಾಯಪ್ಪನಿಗೆ ಹೇಳಿದ. ತಾನು ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತಿದ್ದ ಆ ಸಣ್ಣ ಹಳಿಯ ಕರಿ ಎಂಜಿನ್, ಮೊಳೆ ಸೈತ ಬಿಡದೆ, ಹಾಗೆಯೇ ಆಗಬೇಕು. ಮಾಯಪ್ಪ ನಿವೃತ್ತ ಡ್ರೈವರ್ ಒಬ್ಬರ ಮನೆಗೆ ಹತ್ತು ಸಲ ಎಡತಾಕಿ, ಫೋಟೊ ನೋಡಿ, ಅಳತೆ ಕೇಳಿ ಕೆಲಸ ಶುರುಮಾಡಿದ. ಯಾವಾಗ ಕೇಳಿದರೂ "ಮುಂದಿನ ತಿಂಗಳ್ರಿ" ಅನ್ನುತ್ತಿದ್ದ. ಒಂದು ವರ್ಷ ಹೋಯಿತು, ಮೂರು ವರ್ಷ ಹೋದವು. ಮಿಸ್ತ್ರಿಯ ‘ಮುಂದಿನ ತಿಂಗಳ’ನ್ನು ನಂಬಿ ಯಾರು ಸುಮ್ಮನೆ ಕೂಡುತ್ತಾರೆ? ಪಾರಿಸಣ್ಣ ಪುಣೆಯಿಂದ ಎರಡು ತಂದ, ಸಾಂಗ್ಲಿಯಿಂದ ಎರಡು ತಂದ. ಹೇಳಿಟ್ಟದ್ದು ಎಣಿಕೆಗೆ ಬರುವುದಿಲ್ಲ, ಕೈಗೆ ಬಂದದ್ದು ಮಾತ್ರ ಬರುತ್ತದೆ ಎನ್ನುವುದು ವ್ಯಾಪಾರಿಯ ನ್ಯಾಯ. ಎರಡು ಸಾವಿರದ ಎರಡರ ದೀಪಾವಳಿಗೆ ಮಹಡಿಯ ಕಪಾಟಿನ ಹನ್ನೆರಡು ಗೂಡುಗಳೂ ತುಂಬಿದವು.

ಮರುವರ್ಷ ಸಂಕ್ರಾಂತಿಯ ಮಾರನೆಯ ದಿನ ಮಾಯಪ್ಪ ಬಸ್ಸಿಳಿದು ಬಂದ. ಬಗಲಲ್ಲಿ ಧೋತರದಲ್ಲಿ ಸುತ್ತಿದ ಗಂಟು. ಪಾರಿಸಣ್ಣನ ಮನೆಯ ಕಟ್ಟೆಯ ಮೇಲೆ ಇಟ್ಟು ಬಿಚ್ಚಿದ. ನನಗೆ ಎಂಜಿನ್ನಿನ ಗಂಧ-ಗಾಳಿ ಇಲ್ಲ, ಆದರೂ ಬಗ್ಗಿ ಬಗ್ಗಿ ನೋಡಿದೆ. ಕರಿ ಮೈ, ಕೆಂಪು ಮೂತಿ, ಅಕ್ಕಿಕಾಳಿನಷ್ಟು ಮೊಳೆಗಳ ಸಾಲು. ಕಲ್ಲಿದ್ದಲು ಎತ್ತುವ ಸಲಿಕೆ ಕೂಡ ಇತ್ತು, ಬೆರಳುಗುರಿನಷ್ಟು. ಏಳು ವರ್ಷದ ಕೆಲಸ. ಮಾಯಪ್ಪ ಎರಡೂ ಕೈಯಿಂದ ಅದನ್ನೆತ್ತಿ ಪಾರಿಸಣ್ಣನ ಮುಂದೆ ಹಿಡಿದ.

ಪಾರಿಸಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡ. "ಕೆಳಗ ಇಡು ಮಾಯಪ್ಪಾ. ನನ್ನ ಕೈಗೆ ಕೊಡಬ್ಯಾಡ."

"ಯಾಕ್ರಿ ಸಾವಕಾರ್ರ? ಚಲೋ ಆಗಿಲ್ಲೇನ್ರಿ?"

"ಚಲೋ ಆಗೇತಿ. ಅದಕ್ಕ ಮುಟ್ಟಂಗಿಲ್ಲ. ಮುಟ್ಟಿದ್ನೆಂದ್ರ ಹದಿಮೂರು ಆಗತೈತಿ."

ಮಾಯಪ್ಪನಿಗೆ ತಿಳಿಸಿ ಹೇಳುವುದರಲ್ಲಿ ಅರ್ಧ ಮಧ್ಯಾಹ್ನ ಹೋಯಿತು. ತಿಳಿದ ಮೇಲೆ ಅವನಿಗೆ ಸಿಟ್ಟೇ ಬಂತು. "ಕಣ್ಣು ಮಂಜಾಗಿ ಹ್ವಾದ್ವು ಇದನ್ನ ಮಾಡಿ! ನಂದ ಅಂತ ತಿಳಕೊಂಡು ನಿಮ್ಮ ಮನ್ಯಾಗ ಇಟಗೋರಿ ಹಂಗಾದ್ರ." ಪಾರಿಸಣ್ಣ, "ನಿಂದಾದ್ರ ನೀ ಒಯ್ಯಿ" ಅಂದ. ಮಾಯಪ್ಪ ಒಯ್ಯಲಿಲ್ಲ. ಕಟ್ಟೆಯ ಮೇಲೆಯೇ ಬಿಟ್ಟು, ನೀರೂ ಕುಡಿಯದೆ ಬಸ್ ಸ್ಟ್ಯಾಂಡಿಗೆ ಹೋದ.

ಇನ್ನು ಉಪಾಯಗಳ ಮೆರವಣಿಗೆ. ನೆಲದ ಮಿತಿ ಕಾಯ್ದೆ ಬಂದಾಗ ದೊಡ್ಡ ಹಿಡುವಳಿಯವರು ಹೆಂಡತಿ, ಮಗಳು, ಸೋದರತ್ತೆ ಎಂದು ಹೆಸರು ಹಚ್ಚಿ ಹೊಲ ಉಳಿಸಿಕೊಂಡದ್ದನ್ನು ನೋಡಿದ ಊರು ನಮ್ಮದು. ನಾನೇ ಹೇಳಿದೆ, ತಾರಾಬಾಯಿಯ ಹೆಸರಿಗೆ ಮಾಡ್ರಿ ಎಂದು. ತಾರಾಬಾಯಿ ಒಳಗಿನಿಂದಲೇ, "ನಾ ಮುನಿಗಳ ಮುಂದ ಬಿಟ್ಟೇನಿ, ನಂಗ ಸಂಬಂಧ ಇಲ್ಲ" ಎಂದು ಕೂಗಿದಳು. ಮಗಳು ದೀಪಾಲಿಯನ್ನು ಹುಕ್ಕೇರಿಗೆ ಕೊಟ್ಟಿತ್ತು. "ಅಲ್ಲಿ ಇಟ್ರ ನೋಡಾಕ ಎರಡು ಬಸ್ ಬದಲಿ ಮಾಡಬೇಕು" ಎಂದು ಪಾರಿಸಣ್ಣನೇ ಬೇಡವೆಂದ. ಉಳಿದದ್ದು ಒಂದೇ ದಾರಿ: ಕಪಾಟಿನ ಹನ್ನೆರಡರಲ್ಲಿ ಒಂದನ್ನು ಯಾರಿಗಾದರೂ ಕೊಟ್ಟುಬಿಡುವುದು. ಒಂದೊಂದನ್ನೇ ಹೊರಗೆ ತೆಗೆದ. ಇದು ಮೊದಲನೆಯದು, ಇದನ್ನು ಹೆಂಗ ಕೊಡಲಿ? ಇದರ ಸೀಟಿ ಸಣ್ಣಾಗಿ ಅಳುವಂಗ ಐತಿ, ಇದನ್ನ ಬ್ಯಾರೆಯವರು ತಾಳಂಗಿಲ್ಲ. ಇದು ಓಡುವುದೇ ಇಲ್ಲ, ಓಡದ್ದನ್ನು ಕೊಟ್ಟರೆ ಪಾಪ. ಹನ್ನೆರಡೂ ಹೊರಗೆ ಬಂದು ಹನ್ನೆರಡೂ ಒಳಗೆ ಹೋದವು. ಹದಿಮೂರನೆಯದು ಎರಡು ದಿನ ಕಟ್ಟೆಯ ಮೇಲೆ, ತಾರಾಬಾಯಿಯ ಕಾಳಿನ ಮೊರದ ಬಾಜೂ, ಕೂತಿತ್ತು.

ಮೂರನೆಯ ದಿನ ಬೆಳಿಗ್ಗೆ ಪಾರಿಸಣ್ಣ ನನ್ನ ಮನೆಗೆ ಬಂದ.

"ಮಾಸ್ತರ್ರ, ನಿಮ್ಮ ಹೆಸರಿಲೆ ಇಡಬೇಕು ಅಂತ ಮಾಡಿದ್ನಿ. ರಾತ್ರಿ ಪೂರಾ ನಿದ್ದಿ ಬರಲಿಲ್ಲ. ಬರೇ ಹೆಸರಿಗೆ ನಿಮ್ಮದು ಅಂದ್ರ ಅದು ಕಪಟ ಆಗತೈತಿ. ವ್ರತ ಮುರಿಯೂದಕ್ಕಿಂತ ಕಪಟ ದೊಡ್ಡ ಪಾಪ. ಅದಕ್ಕ ಖರೆ ಖರೆ ಕೊಡಾಕತ್ತೇನಿ. ಇವತ್ತಿನಿಂದ ಅದು ನಿಮ್ಮದ. ನಂದಲ್ಲ."

ನಾನು ಗಣಿತದವನು, ಅವನ ಲೆಕ್ಕ ನನಗೆ ತಿಳಿಯದೆ ಇರುತ್ತದೆಯೇ. ಹನ್ನೆರಡರಲ್ಲಿ ಒಂದು ಖಾಲಿಯಾದ ದಿನ ಇದು ತಿರುಗಿ ಬರುತ್ತದೆ ಎಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. "ನಿಮ್ಮ ಮಾತು ಮೀರೂದು ಆಗತೈತೇನ್ರಿ ಪಾರಿಸಣ್ಣ," ಎಂದು ದೊಡ್ಡಸ್ತಿಕೆಯಿಂದ ಎತ್ತಿಕೊಂಡು ಬಂದು ಶೋಕೇಸಿನಲ್ಲಿ ಇಟ್ಟೆ. ಸಾಲೆಯವರು ಕೊಟ್ಟ ನೆನಪಿನ ಕಾಣಿಕೆಗಳನ್ನು ಬಾಜೂ ಸರಿಸಬೇಕಾಯಿತು.

ಮೊದಮೊದಲು ಎಲ್ಲ ಸರಳವಿತ್ತು. ರವಿವಾರ ಬೆಳಿಗ್ಗೆ ನಾನು ಎಂಜಿನ್ ಹೊತ್ತು ಅವನ ಮಹಡಿ ಹತ್ತುತ್ತಿದ್ದೆ. ಪಾರಿಸಣ್ಣ ಸೋಸಿದ ನೀರು ತುಂಬಿದ ಚರಗಿ ಹಿಡಿದು ಕಾಯುತ್ತಿದ್ದ. ಕೊಡದ ವಸ್ತುವನ್ನು ಮುಟ್ಟುವುದೂ ಅವರಲ್ಲಿ ಕಳವೇ. ಆದ್ದರಿಂದ ಪ್ರತಿ ಸಲ ಕೇಳುತ್ತಿದ್ದ: "ಮುಟ್ಟಲೇನ್ರಿ ಮಾಸ್ತರ್ರ?" ನಾನು "ಮುಟ್ರಿ" ಅನ್ನುತ್ತಿದ್ದೆ. ಅವನು ನೀರು ಹಾಕಿ, ದೀಪ ಹಚ್ಚಿ, ಕಿವಿಗೊಟ್ಟು ಕೂಡುತ್ತಿದ್ದ. ಬಾಯ್ಲರಿನೊಳಗೆ ನೀರು ಗುನುಗಲು ಶುರುವಾದರೆ ಅವನ ಮುಖ ಎಳೆಯದಾಗುತ್ತಿತ್ತು. ಎಂಜಿನ್ ಹಲಗೆಯ ಆ ತುದಿಯ ಘಟಪ್ರಭಾ ಬಿಟ್ಟು ಈ ತುದಿಯ ಮೂಡಲಗಿಗೆ ಬರುವವರೆಗೆ ಅವನು ಕಣ್ಣು ಮಿಟುಕಿಸುತ್ತಿರಲಿಲ್ಲ.

ಖರೆ ಹೇಳಬೇಕೆಂದರೆ ಆ "ಮುಟ್ರಿ" ಅನ್ನುವ ಮಾತು ನನಗೆ ರುಚಿ ಹತ್ತಿತು. ಇಪ್ಪತ್ತೆಂಟು ವರ್ಷ ಹುಡುಗರಿಗೆ "ಮುಟ್ಟಬ್ಯಾಡ್ರಿ" ಎಂದು ಹೇಳಿ ಸವೆದ ನಾಲಿಗೆ. ಪೇಟೆಯ ಸಾವಕಾರನೊಬ್ಬ ಕೈಕಟ್ಟಿ ನಿಂತು ನನ್ನ ಅಪ್ಪಣೆ ಕೇಳುವುದೆಂದರೆ ಸಣ್ಣ ಮಾತೇ? ಆಮೇಲೆ ನೋಡಲು ಜನ ಬರತೊಡಗಿದರು. ಹೆಡ್‌ಮಾಸ್ತರರು ಬಂದರು, ಗೋಕಾಕದಿಂದ ಸಾಲೆಯ ತಪಾಸಣೆಗೆ ಬಂದ ಸಾಹೇಬರು ಬಂದರು. "ಏನ್ರಿ, ಇದು ನಿಮ್ಮದ?" ಎಂದು ಕೇಳಿದಾಗ ಮೊದಲು "ಪಾರಿಸಣ್ಣ ಕೊಟ್ಟದ್ದು" ಅನ್ನುತ್ತಿದ್ದೆ. ಕೆಲವು ದಿನಗಳ ಮೇಲೆ "ಹೌದ್ರಿ" ಅಂದೆ. ಇನ್ನೂ ಕೆಲವು ದಿನಗಳ ಮೇಲೆ, ಸಣ್ಣ ಹಳಿಯ ಕಾಲದಲ್ಲಿ ನಾನೇ ಆ ಕಲ್ಲುಬೆಂಚಿನ ಮೇಲೆ ಕೂತಿದ್ದವನಂತೆ ಕತೆ ಹೇಳತೊಡಗಿದೆ. ಯಾರೂ ಅನುಮಾನಪಡಲಿಲ್ಲ. ಮಾಸ್ತರರ ಮಾತು.

ಚೈತ್ರದ ಹೊತ್ತಿಗೆ ರವಿವಾರಗಳು ನನಗೆ ಭಾರವಾದವು. ದೀಪದ ಮಸಿಗೆ ಕೆಂಪು ಮೂತಿ ಕಪ್ಪಾಗುತ್ತಿತ್ತು. ಒಂದು ವಾರ ತಲೆನೋವೆಂದೆ, ಇನ್ನೊಂದು ವಾರ ಮದುವೆಯೆಂದೆ. ಮೂರನೆಯ ವಾರ ನೇರ ಹೇಳಿಬಿಟ್ಟೆ: "ಓಡಿಸಿದ್ರ ಬಣ್ಣ ಹೋಗತೈತ್ರಿ ಪಾರಿಸಣ್ಣ. ವಸ್ತು ಅಂದ್ರ ಜ್ವಾಕಿ ಮಾಡಬೇಕು." ಪಾರಿಸಣ್ಣ ಚರಗಿ ಹಿಡಿದುಕೊಂಡೇ, "ಹೌದ್ರಿ, ನಿಮ್ಮದು, ನಿಮಗ ಗೊತ್ತು" ಅಂದ. ಶೋಕೇಸಿಗೆ ಕೀಲಿ ಹಾಕಿಸಿದೆ. ಅಷ್ಟರಲ್ಲಿ ಮಳೆಗಾಲ ಬಂತು, ಚಾತುರ್ಮಾಸ ಶುರುವಾಯಿತು. ಇನ್ನು ನಾಲ್ಕು ತಿಂಗಳು ಯಾರೂ ಉಗಿಯ ಸುದ್ದಿ ತೆಗೆಯುವುದಿಲ್ಲವೆಂದು ನನಗೆ ನಿರಾಳವಾಯಿತು.

ಭಾದ್ರಪದದಲ್ಲಿ ಅವರ ಹತ್ತು ದಿನದ ಪರ್ವ. ಆ ಹತ್ತು ದಿನ ಪಾರಿಸಣ್ಣ ಒಂದೇ ಹೊತ್ತು ಉಂಡ. ಒಂಬತ್ತನೆಯ ದಿನ ಕಪಾಟಿನಿಂದ ತನ್ನ ಮೊದಲನೆಯ ಎಂಜಿನ್ ತೆಗೆದು, ಹೊಸ ಅರಿವೆಯಲ್ಲಿ ಸುತ್ತಿ, ತಾನೇ ಬಸ್ ಹತ್ತಿ ಘಟಪ್ರಭಾಕ್ಕೆ ಹೋಗಿ ಮಾಯಪ್ಪನ ಕೈಗೆ ಇಟ್ಟು ಬಂದ. ಅಷ್ಟು ಎಂಜಿನ್ ಮಾಡಿಕೊಟ್ಟ ಮಾಯಪ್ಪನ ಮನೆಯಲ್ಲಿ ತನ್ನದೆಂದು ಒಂದೂ ಇರಲಿಲ್ಲವಂತೆ. ಅದನ್ನು ಹಿಡಿದುಕೊಂಡು ಆ ಮುದುಕ ಅತ್ತನಂತೆ. ತಾರಾಬಾಯಿ ನಮ್ಮ ಹಿತ್ತಲ ಗೋಡೆಯ ಮೇಲಿಂದ ಇದನ್ನೆಲ್ಲ ಹೇಳಿ, "ಈಗ ಹನ್ನೊಂದ ಅದಾವು ನೋಡ್ರಿ ಮಾಸ್ತರ್ರ" ಅಂದಳು. ನಾನು ದನಿ ಬದಲಿಸದೆ, "ಚಲೋ ಆತು ಬಿಡ್ರಿ" ಅಂದೆ. ಒಳಗೆ ಬಂದು ಶೋಕೇಸಿನ ಕೀಲಿಕೈಯನ್ನು ಮೊಳೆಯಿಂದ ತೆಗೆದು ಕಿಸೆಯಲ್ಲಿ ಹಾಕಿಕೊಂಡೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ. ಆವತ್ತು ಅವರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಕೇಳಿಸಿಕೊಂಡವರು ಕ್ಷಮಿಸಿ, ತಾವೂ ತಿರುಗಿ ಕ್ಷಮೆ ಕೇಳಬೇಕು. ವರ್ಷವೂ ಪಾರಿಸಣ್ಣ ಬರುತ್ತಿದ್ದ. ನಾನು ಜೈನನಲ್ಲದಿದ್ದರೂ ರಿವಾಜಿಗೆ ತಪ್ಪುತ್ತಿರಲಿಲ್ಲ. ಕೇಳಿ, ಕೇಳಿಸಿಕೊಂಡು, ಇಬ್ಬರೂ ಚಹಾ ಕುಡಿಯುತ್ತಿದ್ದೆವು.

ಆ ವರ್ಷ ಗಂಡ-ಹೆಂಡತಿ ಇಬ್ಬರೂ ಬಂದರು. ಉಪವಾಸದಿಂದ ಪಾರಿಸಣ್ಣ ಸೊರಗಿದ್ದ. ಕೈ ಜೋಡಿಸಿದ.

"ಉತ್ತಮ ಕ್ಷಮಾ, ಮಾಸ್ತರ್ರ. ಈ ಸಲ ಬಾಯಿಮಾತಿಗಲ್ಲ, ಖರೇನ ಒಂದು ತಪ್ಪು ಮಾಡೇನಿ. ಆ ಎಂಜಿನ್ ನಿಮಗ ಬಾಯಿಲೆ ಕೊಟ್ಟೆ, ಮನಸಿಲೆ ಕೊಟ್ಟಿರಲಿಲ್ಲ. ನಮ್ಮ ಕಪಾಟಿನ್ಯಾಗ ಒಂದು ಗೂಡು ಖಾಲಿ ಆದ್ರ ನೀವ ತಂದು ಕೊಡ್ತೀರಿ ಅಂತ ಆಸೆ ಇಟಗೊಂಡಿದ್ದೆ. ಅದಕ್ಕ ಗೂಡು ಸೈತ ಖಾಲಿ ಮಾಡಿದೆ. ನಿಮ್ಮ ವಸ್ತುದ ಮ್ಯಾಲೆ ಆಸೆ ಇಟ್ಟಿದ್ದು ನಂದು ತಪ್ಪು. ಇವತ್ತಿಗೆ ಬಿಟ್ಟೆ. ಕ್ಷಮಾ ಮಾಡ್ರಿ."

ಶೋಕೇಸ್ ಅವನ ಬಲಗಡೆ ಒಂದು ಮಾರು ದೂರದಲ್ಲಿತ್ತು. ಅವನು ಒಂದು ಸಲವೂ ಅತ್ತ ನೋಡಲಿಲ್ಲ. ನೋಡದೆ ಇರಲು ಎಷ್ಟು ಕಷ್ಟಪಡುತ್ತಿದ್ದಾನೆಂಬುದು ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು. ‘ಒಯ್ರಿ ಪಾರಿಸಣ್ಣ’ ಎನ್ನುವ ಎರಡು ಶಬ್ದ ನನ್ನ ಗಂಟಲಿಗೆ ಬಂದವು. ಕಿಸೆಯಲ್ಲಿ ಕೀಲಿಕೈ ಬೆರಳಿಗೆ ಹತ್ತುತ್ತಿತ್ತು. ನಾಚಿಕೆ ಆಯಿತು, ಬಹಳ ಆಯಿತು, ಸುಳ್ಳು ಹೇಳುವುದಿಲ್ಲ.

"ಅಯ್ಯ, ಅದರಾಗ ಏನೈತ್ರಿ," ಅಂದೆ. "ಕ್ಷಮಾ ಮಾಡೇನಿ."

ಪಾರಿಸಣ್ಣನ ಮುಖ ಹಗುರಾಯಿತು. ನಾಟಕವಲ್ಲ, ನಿಜವಾಗಿಯೂ ಹಗುರಾಯಿತು. ನಮ್ಮವಳು ಒಳಗೆ ಚಹಾಕ್ಕೆ ಇಟ್ಟಿದ್ದಳು. ಅವನು ಕೂಡಲಿಲ್ಲ, ಹೊಸ್ತಿಲಲ್ಲಿ ಕೈ ಜೋಡಿಸಿಕೊಂಡೇ ನಿಂತ. ಈಗ ನನ್ನ ಸರದಿ. ತಾರಾಬಾಯಿ ನನ್ನ ಬಾಯಿ ನೋಡುತ್ತಿದ್ದಳು.

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಎಂಜಿನ್ ಕೊಡಬೇಕಾಗುತ್ತಿತ್ತು.